ಅಜ್ಜಿಯ ಹಲ್ಲುಸೆಟ್ಟು ಮಾಯ: ಪುಟ್ಟ ಮಕ್ಕಳ ಪತ್ತೇದಾರಿ ಚಿತ್ರಪುಸ್ತಕಕ್ಕೆ ಸುಳಿವು ಎಷ್ಟು, ಫ್ಲ್ಯಾಪ್ ಎಷ್ಟು?

(ಇದೊಂದು ಚರ್ಚೆ. ಹಿತ್ತಲಗಿಡ, ಎರಡನೇ ಕರಡು, ಮಸಿಕೈ, ಕೆಂಪು ಪೆನ್ಸಿಲ್, ಅಂಗನವಾಡಿ ಕಪಾಟು ಇವೆಲ್ಲ ಮಾತಾಡುವವರ ಅಡ್ಡಹೆಸರು.)

ಹಿತ್ತಲಗಿಡ:

ಎಲ್ಲರಿಗೂ ನಮಸ್ಕಾರ. 3ರಿಂದ 6 ವರ್ಷದ ಮಕ್ಕಳಿಗೆ ದೊಡ್ಡವರು ಓದಿ ಹೇಳುವಂಥ ಒಂದು ತಮಾಷೆಯ ಪತ್ತೇದಾರಿ ಚಿತ್ರಪುಸ್ತಕದ ಕರಡು ಕೈಯಲ್ಲಿದೆ. ಕಥೆ ಇಷ್ಟು: ಇವತ್ತು ಮನೆಮಂದಿಯದೆಲ್ಲ ಫೋಟೋ ತೆಗೆಯೋರು ಬರ್ತಾರೆ. ಬೆಳಿಗ್ಗೆ ನೋಡಿದರೆ ರಾತ್ರಿ ಲೋಟದ ನೀರಿನಲ್ಲಿಟ್ಟ ಅಜ್ಜಿಯ ಹಲ್ಲುಸೆಟ್ಟು ಇಲ್ಲ. ಮೊಮ್ಮಗಳು ಚಿನ್ನು ಅಜ್ಜಿಯ ಕನ್ನಡಕವನ್ನೇ ಭೂತಗನ್ನಡಿ ಮಾಡಿಕೊಂಡು ಪತ್ತೆಗೆ ಇಳಿಯುತ್ತಾಳೆ. ಅವಳ ಸಹಾಯಕ ‘ಬೊಗಳೆ’ ಅನ್ನೋ ಕಂದು ನಾಯಿ. ಕೊನೆಗೆ ಕಳ್ಳ ಬೊಗಳೆಯೇ. ಫೋಟೋದಲ್ಲಿ ತಾನೂ ಹಲ್ಲು ಬಿಟ್ಟು ನಗಬೇಕು ಅಂತ ಎತ್ತಿಕೊಂಡಿರುತ್ತದೆ.

ಈಗ ಇರುವ ಲೆಕ್ಕ: ಒಳಪುಟ 24, ಅನುಮಾನಿತರು ಐದು ಜನ (ಕಾಗೆ, ಬೆಕ್ಕು, ಇಲಿ, ತಮ್ಮ ಗುಂಡ, ಹಾಲಿನವನು), ಎತ್ತಿ ನೋಡುವ ಫ್ಲ್ಯಾಪ್ (ಪುಟದ ಮೇಲೆ ಅಂಟಿಸಿದ ಕಾಗದದ ಮುಚ್ಚಳ) ಹತ್ತು, ಎದುರುಬದುರಿನ ಎರಡು ಪುಟಕ್ಕೆ ಸುಮಾರು 60 ಪದ. ಮುದ್ರಣ 1000 ಪ್ರತಿ.

ತೊಡಕುಗಳು: ಡಮ್ಮಿ (ಮಾದರಿ ಪ್ರತಿ) ಓದಿದಾಗ ಮಕ್ಕಳು ಮಾತು ಕೇಳದೆ ಫ್ಲ್ಯಾಪ್ ಎಳೆಯುವುದರಲ್ಲೇ ಇರುತ್ತಾರೆ. ನಾಲ್ಕನೇ ಪುಟಕ್ಕೇ ಬಾಯಿಗೆ ಬಂದ ಹೆಸರು ಕೂಗುತ್ತಾರೆ, ಆಮೇಲೆ ಕಥೆಗೆ ಬಿಗಿ ಇರುವುದಿಲ್ಲ. ಹತ್ತು ಫ್ಲ್ಯಾಪಿಗೆ ಪ್ರೆಸ್‌ನವರು ಹೇಳುವ ದರ ಪುಸ್ತಕದ ಬೆಲೆಯನ್ನೇ ನುಂಗುತ್ತಿದೆ. ಇನ್ನೊಂದು, ಹಲ್ಲಿಲ್ಲದ ಅಜ್ಜಿಯ ಮಾತನ್ನು ಬರಹದಲ್ಲಿ ಹೇಗೆ ತೋರಿಸುವುದು? ಅಕ್ಷರ ಕಲಿಯುವ ಮಕ್ಕಳಿಗೆ ತೊಂದರೆ ಆಗಬಾರದು. ಈ ಕೆಲಸ ಗೊತ್ತಿರುವವರು ಪುಟದ ಲೆಕ್ಕದಲ್ಲೇ ಹೇಳಿದರೆ ಉಪಕಾರ.

ಎರಡನೇ ಕರಡು:

ಕಥೆಗೆ ಜೀವ ಇದೆ, ಜನ ಜಾಸ್ತಿ ಇದ್ದಾರೆ. ಐದು ಜನ ಅನುಮಾನಿತರು ನಾಲ್ಕು ವರ್ಷದ ಮಗುವಿಗೆ ಹೊರೆ. ಮೂರು ಸಾಕು: ಕಾಗೆ, ಗುಂಡ, ಬೆಕ್ಕು. ಇಲಿಯನ್ನು ಬಿಡಿ, ಬೆಕ್ಕು ಇರುವ ಮನೆಯಲ್ಲಿ ಅದಕ್ಕೊಂದು ಬೇರೆ ಕಥೆ ಬೇಕಾಗುತ್ತದೆ. ಹಾಲಿನವನನ್ನು ಖಂಡಿತ ಬಿಡಿ. ಮನೆಗೆ ಬಂದು ಹೋಗುವ ಕೆಲಸದವರ ಮೇಲೆ ಕಳ್ಳತನದ ಅನುಮಾನ, ತಮಾಷೆಗಾದರೂ ಮಕ್ಕಳ ಪುಸ್ತಕದಲ್ಲಿ ಬೇಡ.

ಈಗ ಒಂದು ಹಾಳೆ ತೆಗೆದುಕೊಂಡು ಚೌಕ ಎಳೆಯಿರಿ. ಎಡಕ್ಕೆ ಅನುಮಾನಿತರ ಹೆಸರು, ಕೊನೆಯಲ್ಲಿ ಬೊಗಳೆ. ಮೇಲಕ್ಕೆ ಸುಳಿವುಗಳು. ಒಂದೊಂದು ಸುಳಿವೂ ಸರಿಯಾಗಿ ಒಬ್ಬರನ್ನು ಮಾತ್ರ ಹೊರಗೆ ಹಾಕಬೇಕು, ಬೊಗಳೆಯನ್ನು ಯಾವತ್ತೂ ಹಾಕಬಾರದು. ಹೀಗೆ: ಕಿಟಕಿಗೂ ಬಾಗಿಲಿಗೂ ಒಳಗಿಂದ ಚಿಲಕ ಹಾಕಿದೆ, ಆದ್ದರಿಂದ ಕಾಗೆ ಅಲ್ಲ. ಅಡುಗೆಮನೆಯಲ್ಲಿ ಚೆಲ್ಲಿದ ಅಕ್ಕಿಹಿಟ್ಟಿನ ಮೇಲೆ ಪಂಜದ ಗುರುತು ಇದೆ, ಆದ್ದರಿಂದ ಗುಂಡ ಅಲ್ಲ. ಕೌದಿಯ ಕೆಳಗೆ ಕಂದು ಕೂದಲು ಸಿಕ್ಕಿದೆ, ಬೆಕ್ಕು ಕರಿ, ಆದ್ದರಿಂದ ಅದೂ ಅಲ್ಲ. ಈ ಸರದಿ ಬದಲಿಸಬೇಡಿ. ಪಂಜದ ಗುರುತು ಮೊದಲು ಬಂದರೆ ಗುಂಡನ ಜೊತೆ ಕಾಗೆಯೂ ಹೊರಗೆ ಹೋಗುತ್ತದೆ, ಚಿಲಕದ ಸುಳಿವಿಗೆ ಕೆಲಸವೇ ಉಳಿಯುವುದಿಲ್ಲ.

ಕೊಬ್ಬರಿಮಿಠಾಯಿಗೋ ಸೌತೆಕಾಯಿಗೋ ಹಲ್ಲಿನ ಗುರುತು ಬಿದ್ದಿದೆ ಅನ್ನೋ ಸುಳಿವು ಎಲ್ಲರಿಗೂ ಮೊದಲು ಹೊಳೆಯುತ್ತದೆ. ನಿಮ್ಮ ಕರಡಿನಲ್ಲಿ ಇದ್ದರೆ ತೆಗೆಯಿರಿ. ‘ಗುಂಡನ ಮುಂದಿನ ಹಲ್ಲು ಬಿದ್ದಿದೆ, ಇಲ್ಲಿ ಹಲ್ಲುಸಾಲು ಪೂರ್ತಿ ಇದೆ, ಹಾಗಾಗಿ ಗುಂಡ ಅಲ್ಲ’ ಅಂತ ನೀವು ಬರೆದರೆ, ‘ಅಜ್ಜಿ ಸೆಟ್ಟು ಹಾಕ್ಕೊಂಡು ಕಚ್ಚಿರಬಹುದಲ್ಲ?’ ಅಂತ ಐದು ವರ್ಷದ ಮಗು ಕೇಳುತ್ತದೆ. ಅದು ಹೇಳೋದು ಸರಿ.

ಇದಕ್ಕಿಂತ ಮುಖ್ಯವಾದದ್ದು: ಮಾತಿಗೆ ಗೊತ್ತಿಲ್ಲದ್ದು ಚಿತ್ರಕ್ಕೆ ಗೊತ್ತಿರಬೇಕು. ಬೊಗಳೆ ಮೊದಲ ಪುಟದಿಂದ ಬಾಯಿ ಬಿಗಿಹಿಡಿದು, ಕೆನ್ನೆ ಉಬ್ಬಿಸಿಕೊಂಡೇ ಓಡಾಡಲಿ. ಒಂದೇ ಒಂದು ಸಲವೂ ಬೊಗಳದಿರಲಿ. ಆದರೆ ಬರಹ ಆ ವಿಷಯ ಎತ್ತಲೇಬಾರದು. ‘ಬೊಗಳೆ ಯಾಕೋ ಇವತ್ತು ಬಾಯಿ ಬಿಡಲಿಲ್ಲ’ ಅನ್ನೋ ಸಾಲು ಇದ್ದರೆ ಹೊಡೆದುಹಾಕಿ. ಓದುವ ಅಪ್ಪ ಅಮ್ಮನ ಕಣ್ಣು ಅಕ್ಷರದ ಮೇಲೆ, ಮಗುವಿನ ಕಣ್ಣು ಚಿತ್ರದ ಮೇಲೆ. ಅಪ್ಪನಿಗೆ ಕಾಣದ್ದು ತನಗೆ ಕಂಡಿತು ಅನ್ನೋದೇ ಆ ವಯಸ್ಸಿನಲ್ಲಿ ದೊಡ್ಡ ನಗು. ಚಿನ್ನು ‘ಬೊಗಳೇ, ನೀನು ಮೂಸಿ ನೋಡು, ಕಳ್ಳ ಯಾರು?’ ಅಂತ ಕಳ್ಳನನ್ನೇ ಕೇಳುವಾಗ ಕಂಡುಹಿಡಿದ ಮಗು ಕುಣಿಯುತ್ತದೆ, ಕಂಡುಹಿಡಿಯದ ಮಗುವೂ ಸುಮ್ಮನೆ ನಗುತ್ತದೆ. ಇಬ್ಬರಿಗೂ ನಷ್ಟವಿಲ್ಲ.

ಪುಟ ತಿರುವುವುದೇ ನಿಮ್ಮ ಕೈಯಲ್ಲಿರುವ ಪುಕ್ಕಟೆ ಫ್ಲ್ಯಾಪ್. ಪ್ರಶ್ನೆ ಯಾವಾಗಲೂ ಬಲಪುಟದ ಕೆಳತುದಿಯಲ್ಲಿ, ಉತ್ತರ ತಿರುವಿದ ಮೇಲೆ ಎಡಪುಟದಲ್ಲಿ. ಎಡಪುಟದಲ್ಲಿ ಕೇಳಿದರೆ ಉತ್ತರ ಪಕ್ಕದಲ್ಲೇ ಕಾಣುತ್ತದೆ, ಅಲ್ಲಿಗೆ ಆಟ ಮುಗಿಯಿತು. 24 ಪುಟಕ್ಕೆ ಹೀಗೆ ಹಂಚಬಹುದು: 1 ಶೀರ್ಷಿಕೆ. 2-3 ಸೆಟ್ಟು ಕಾಣೆ. 4-5 ಅನುಮಾನಿತರ ಸಾಲು. 7ರಲ್ಲಿ ಕಿಟಕಿ ಪರದೆ, 8ರಲ್ಲಿ ಕಾಗೆ ಮುನಿಸಿಕೊಂಡು ಹೊರಡುವುದು. 9ರಲ್ಲಿ ಅಡುಗೆಮನೆ, ಮೊರದ ಕೆಳಗೆ ಹಿಟ್ಟು. 10ರಲ್ಲಿ ಗುಂಡ ತನ್ನ ಪಾದವನ್ನು ಪಂಜದ ಗುರುತಿನ ಪಕ್ಕ ಇಟ್ಟು ತೋರಿಸುವುದು. 11ರಲ್ಲಿ ಬಚ್ಚಲ ಹಂಡೆ, ಸುಮ್ಮನೆ ನಗಿಸಲಿಕ್ಕೆ: ಮುಚ್ಚಳ ಎತ್ತಿದರೆ ಒಂದು ಕಪ್ಪೆ ‘ಸ್ನಾನ ಮಾಡ್ತಾ ಇದೀನಿ, ಮುಚ್ರೀ!’ ಅನ್ನುತ್ತದೆ. 13 ಕೌದಿ, 14 ಬೆಕ್ಕು ಹೊರಗೆ. 15ರಲ್ಲಿ ‘ಎಲ್ಲರೂ ಹೋದರು. ಹಾಗಾದರೆ ಇನ್ಯಾರು?’ 16-17 ಮಾತಿಲ್ಲದ ಜೋಡಿಪುಟ, ಚಿನ್ನು ತಲೆಗೆ ಕೈಹೊತ್ತು ಕೂತಿದ್ದಾಳೆ, ಪಕ್ಕದಲ್ಲೇ ಕೆನ್ನೆ ಉಬ್ಬಿದ ಬೊಗಳೆ. ಆ ಪುಟದಲ್ಲಿ ಓದುವವರು ಬಾಯಿ ಬಿಡಬಾರದು, ಮಕ್ಕಳು ಕೂಗಲಿ. 19ರಲ್ಲಿ ಫೋಟೋದವರು ‘ಎಲ್ಲರೂ ನಗ್ರಪ್ಪಾ’ ಅನ್ನುತ್ತಾರೆ, ತಿರುವಿದರೆ 20-21 ತುಂಬ ಬೊಗಳೆಯ ಹಲ್ಲು. ಪ್ರಕಾಶನದ ವಿವರಗಳನ್ನು ರಕ್ಷಾಪುಟದ ಒಳಬದಿಗೆ ಹಾಕಿ, ಕಥೆಯ ಪುಟ ತಿನ್ನಿಸಬೇಡಿ.

60 ಪದವನ್ನು 20ಕ್ಕೆ ಇಳಿಸಿ. ಕನ್ನಡದಲ್ಲಿ 20 ಅಂದರೇ ಬೇಕಾದಷ್ಟು. ‘ಕಾಣೆಯಾಗಿಬಿಟ್ಟಿದೆಯಲ್ಲವೇ’ ಥರದ್ದು ಲೆಕ್ಕಕ್ಕೆ ಒಂದೇ ಪದ, ಉಸಿರಿಗೆ ನಾಲ್ಕು.

ಮಸಿಕೈ:

ಪ್ರೆಸ್ಸಿನ ಕಡೆಯಿಂದ. ಹತ್ತು ಫ್ಲ್ಯಾಪು ಗುಣಿಸು 1000 ಅಂದರೆ 10,000 ಸಲ ಕೈಯಲ್ಲಿ ಅಂಟಿಸಬೇಕು. ಒಂದಕ್ಕೆ ಅರ್ಧ ನಿಮಿಷ ಹಿಡಿದರೂ 83 ಗಂಟೆ. ನಾಲ್ಕು ಫ್ಲ್ಯಾಪು ಆದರೆ 33 ಗಂಟೆ. ದರ ಏರುತ್ತಿರುವುದು ಕಾಗದಕ್ಕಲ್ಲ, ಈ ಕೂಲಿಗೆ. ಮೇಲೆ ಹೇಳಿದ ಪುಟದ ಲೆಕ್ಕದಲ್ಲಿ ಫ್ಲ್ಯಾಪು 7, 9, 11, 13ರಲ್ಲಿ ಬರುತ್ತವೆ. ನಾಲ್ಕು ಸಾಕು.

ಸೈಜು ಕ್ರೌನ್ 1/4 ಇಡಿ, ಕತ್ತರಿಸಿದ ಮೇಲೆ 7.25 × 9.5 ಇಂಚು. 20 × 30 ಹಾಳೆಯಲ್ಲಿ 16 ಪುಟ ಕೂರುತ್ತದೆ, ಚೂರೂ ವ್ಯರ್ಥವಿಲ್ಲ. 24 ಪುಟಕ್ಕೆ ಪ್ರತಿಗೆ ಒಂದೂವರೆ ಹಾಳೆ, 1000ಕ್ಕೆ 1500, ಅಂದರೆ 3 ರೀಮು. ಮಶೀನು ಹೊಂದಿಸುವಾಗ, ಫ್ಲ್ಯಾಪನ್ನು ಆಕಾರಕ್ಕೆ ಕತ್ತರಿಸುವಾಗ (ಪಂಚಿಂಗು), ಅಂಟಿಸುವಾಗ ಹಾಳಾಗುವುದಕ್ಕೆ ಶೇಕಡ 10 ಸೇರಿಸಿಕೊಳ್ಳಿ. ಚೌಕದ ಪುಸ್ತಕ ನೋಡಲಿಕ್ಕೆ ಚೆಂದ, ಆದರೆ 8.5 × 8.5 ಇಂಚಿಗೆ 23 × 36 ಹಾಳೆ ಹಾಕಿದರೆ ಒಂದು ಪಕ್ಕದಲ್ಲಿ ಐದು ಇಂಚಿಗೂ ಹೆಚ್ಚು ಪಟ್ಟಿ ಕಸಕ್ಕೆ ಹೋಗುತ್ತದೆ.

ಒಳಪುಟ 170 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಅನ್ನೋ ಲೆಕ್ಕ) ಮ್ಯಾಟ್ ಆರ್ಟ್, ಅಂದರೆ ಹೊಳಪಿಲ್ಲದ ನುಣುಪು ಕಾಗದ. 130ಕ್ಕೆ ಇಳಿದರೆ ಅಂಟಿನ ನೀರಿಗೆ ಹಾಳೆ ಸುಕ್ಕುಗಟ್ಟುತ್ತದೆ, ಫ್ಲ್ಯಾಪ್ ಎಳೆದಾಗ ಪುಟವೇ ಹರಿಯುತ್ತದೆ. ಫ್ಲ್ಯಾಪಿಗೆ 250ರಿಂದ 300 ಜಿಎಸ್‌ಎಂ ಆರ್ಟ್ ಕಾರ್ಡ್. ಕಾರ್ಡಿನ ನಾರು (ಕಾಗದದ ಎಳೆ ಓಡುವ ದಿಕ್ಕು) ಮಡಿಕೆಯ ಗೆರೆಗೆ ಸಮಾನಾಂತರವಾಗಿರಲಿ, ಅಡ್ಡ ಬಂದರೆ ಮಡಿಕೆಯಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಏಳುತ್ತದೆ. ಕ್ರೀಸಿಂಗ್ ಮಾಡದೆ, ಅಂದರೆ ಮಡಿಕೆಯ ಗೆರೆಯನ್ನು ಮೊದಲೇ ಒತ್ತಿಸದೆ, ಬರೀ ಮಡಿಚಿದರೂ ಅದೇ ಗತಿ. ಅಂಟಿನ ಪಟ್ಟಿ 10 ಮಿಮೀ ಅಗಲ. ಬೆರಳು ಹಾಕಲು ಅಂಚಿನಲ್ಲಿ 12 ಮಿಮೀ ವ್ಯಾಸದ ಅರ್ಧಚಂದ್ರ, ಮೂಲೆಗಳು ದುಂಡಗೆ. 4 × 5 ಸೆಂಮೀಗಿಂತ ಚಿಕ್ಕ ಫ್ಲ್ಯಾಪನ್ನು ಮೂರು ವರ್ಷದ ಮಗು ಎತ್ತುವುದಿಲ್ಲ, ಕೀಳುತ್ತದೆ. ಪಿನ್ನಿನ ಕಡೆಯಿಂದ (ಪುಸ್ತಕದ ಬೆನ್ನಿನ ಮಡಿಕೆ) 15 ಮಿಮೀ, ಹೊರ ಅಂಚಿನಿಂದ 12 ಮಿಮೀ ದೂರ ಬಿಡಿ. ಇಲ್ಲದಿದ್ದರೆ ಕೊನೆಯ ಕಟಿಂಗಿನಲ್ಲಿ ಫ್ಲ್ಯಾಪಿನ ತುದಿಯೂ ಹೋಗುತ್ತದೆ.

ಒಳಪುಟಕ್ಕೆ ಲ್ಯಾಮಿನೇಷನ್ ಮಾಡಿಸಿ ಅದರ ಮೇಲೆ ಫ್ಲ್ಯಾಪ್ ಅಂಟಿಸಬೇಡಿ. ಪ್ಲಾಸ್ಟಿಕ್ ಪದರದ ಮೇಲೆ ಬಿಳಿ ಅಂಟು ಹಿಡಿಯುವುದಿಲ್ಲ. ಮೊದಲ ದಿನ ಗಟ್ಟಿ ಇರುತ್ತದೆ, ವಾರದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಲ್ಯಾಮಿನೇಷನ್ ರಕ್ಷಾಪುಟಕ್ಕೆ ಮಾತ್ರ. ಒಳಗೆ ವಾರ್ನಿಷ್ ಬೇಕೇಬೇಕು ಅಂದರೆ ಅಂಟು ಬೀಳುವ ಜಾಗವನ್ನು ಬಿಟ್ಟು ಮಾಡಿಸಿ, ಆ ಜಾಗದಲ್ಲಿ ಬಣ್ಣವನ್ನೂ ಹಾಕಬೇಡಿ, ಬಿಳಿ ಕಾಗದವೇ ಇರಲಿ.

ಇನ್ನು ಯಾರೂ ಮೊದಲೇ ಯೋಚಿಸದ ಒಂದು ವಿಷಯ. ಮಡಿಚಿದ ಫಾರಮ್ಮಿನ (ಹಲವು ಪುಟ ಒಟ್ಟಿಗೆ ಅಚ್ಚಾದ ಹಾಳೆ) ಒಳಗೆ ಕೈ ಹೋಗುವುದಿಲ್ಲ, ಆದ್ದರಿಂದ ಅಂಟಿಸುವುದಕ್ಕೆ ಅದನ್ನು ನಾಲ್ಕು ನಾಲ್ಕು ಪುಟದ ಬಿಡಿ ಹಾಳೆಯಾಗಿ ಕತ್ತರಿಸಿಕೊಳ್ಳಬೇಕು. ಸೆಂಟರ್ ಪಿನ್ನಿನ (ನಡುಮಡಿಕೆಯಲ್ಲಿ ಪಿನ್ ಹೊಡೆದ) 24 ಪುಟಕ್ಕೆ ಇಂಥ ಆರು ಹಾಳೆ. ಹೊರಗಿನದು 1, 2, 23, 24. ಒಳಗೆ ಹೋಗುತ್ತಾ ನಾಲ್ಕನೆಯದು 7, 8, 17, 18. ಐದನೆಯದು 9, 10, 15, 16. ನಟ್ಟನಡುವಿನದು 11, 12, 13, 14. ಅಂದರೆ ನಿಮ್ಮ ನಾಲ್ಕು ಫ್ಲ್ಯಾಪಿಗೆ ಅಂಟಿನ ಮೇಜಿಗೆ ಬರುವುದು ಮೂರೇ ಹಾಳೆ, ಉಳಿದ ಮೂರನ್ನು ಮುಟ್ಟಬೇಕಾಗಿಲ್ಲ. ಆದರೆ ನಡುವಿನ ಹಾಳೆಯಲ್ಲಿ 11 ಒಂದು ಮಗ್ಗುಲು, 13 ಇನ್ನೊಂದು ಮಗ್ಗುಲು. ಒಂದು ಮಗ್ಗುಲು ಅಂಟಿಸಿ, ಒಣಗಿಸಿ, ತಿರುಗಿಸಿ ಮತ್ತೆ ಅಂಟಿಸಬೇಕು. ಹಂಡೆಯನ್ನು 11ರಿಂದ 12ಕ್ಕೆ ತಳ್ಳಿದರೆ 12, 13 ಎರಡೂ ಒಂದೇ ಮಗ್ಗುಲು, ಒಂದೇ ಸಲಕ್ಕೆ ಮುಗಿಯುತ್ತದೆ. ಕಥೆಗೆ ಅಡ್ಡಿ ಇಲ್ಲ ಅಂದರೆ ಹಾಗೆ ಮಾಡಿ.

ಎಲ್ಲ ಫ್ಲ್ಯಾಪನ್ನೂ ಪುಟದ ಒಂದೇ ಜಾಗದಲ್ಲಿ ಇಡಬೇಡಿ, ಪುಸ್ತಕ ಅಲ್ಲೇ ಉಬ್ಬಿ ನಿಲ್ಲುತ್ತದೆ. ಒಂದು ಮೇಲೆ, ಒಂದು ಕೆಳಗೆ, ಒಂದು ಪಿನ್ನಿನ ಹತ್ತಿರ. ಪಿನ್ ಹೊಡೆಯುವ ಮೊದಲು ಅಂಟು ಪೂರ್ತಿ ಒಣಗಿರಲಿ. ಹಸಿ ಇರುವಾಗ ಕಟಿಂಗ್ ಮಶೀನಿನ ಒತ್ತು ಬಿದ್ದರೆ ಫ್ಲ್ಯಾಪು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಒಳಗಿನ ಕಪ್ಪೆಗೆ ಬಿಡುಗಡೆ ಇಲ್ಲ.

ಕೆಂಪು ಪೆನ್ಸಿಲ್:

ಹಂಡೆ 12ಕ್ಕೆ ಹೋದರೆ ಚಿತ್ರದ ಕಡೆಯಿಂದ ತೊಂದರೆ ಇಲ್ಲ. ಅದು ಬರೀ ನಗೆಯ ಫ್ಲ್ಯಾಪು, ಉತ್ತರ ಅಡಗಿಸಬೇಕಿಲ್ಲ. 11ರಲ್ಲಿ ಬಚ್ಚಲಿನಿಂದ ‘ಗ್ಲಕ್’ ಅನ್ನೋ ಸದ್ದು ಕೇಳಿಸಲಿ, ಚಿನ್ನು ಕಿವಿ ನಿಮಿರಿಸಲಿ, ಪುಟ ತಿರುವಲು ಕಾರಣ ಸಿಕ್ಕಿತು.

ಚಿತ್ರದಲ್ಲಿ ಸುಳಿವು ಅಡಗಿಸುವ ಬಗ್ಗೆ. ಮಗುವಿನ ಕಣ್ಣು ಮೊದಲು ಹೋಗುವುದು ಮುಖಕ್ಕೆ, ಆಮೇಲೆ ಕೆಂಪು ಹಳದಿ ಬಣ್ಣಕ್ಕೆ, ಆಮೇಲೆ ಪುಟದ ನಡುವಿಗೆ. ಬೊಗಳೆಯನ್ನು ಅಡಗಿಸಬೇಡಿ, ಪೂರ್ತಿ ಕಾಣಲಿ, ಆದರೆ ಅದೇ ಪುಟದಲ್ಲಿ ಅದಕ್ಕಿಂತ ಗದ್ದಲದ್ದು ಬೇರೆ ಇರಲಿ. 2-3ರಲ್ಲಿ ಅಜ್ಜಿ ಲೋಟ ತಲೆಕೆಳಗೆ ಮಾಡಿ ನೀರು ಸುರಿಯುತ್ತಿರುವಾಗ ನಾಯಿ ಮಂಚದ ಕಾಲಿನ ಹತ್ತಿರ ಸುಮ್ಮನೆ ಕೂತಿದ್ದರೆ ಹೆಚ್ಚಿನವರು ನೋಡುವುದಿಲ್ಲ. 8ರ ಹೊತ್ತಿಗೆ ಕೆನ್ನೆ ಇನ್ನೂ ಚೂರು ಊದಿರಲಿ. 14ರಲ್ಲಿ ತುಟಿಯ ಸಂದಿಯಲ್ಲಿ ಒಂದು ಗುಲಾಬಿ ಚುಕ್ಕೆ, ಸೆಟ್ಟಿನ ಒಸಡು. ಮೂರು ಮೆಟ್ಟಿಲು, ಅಷ್ಟೇ. ಅದಕ್ಕೆ ಮೊದಲು ಎಲ್ಲೂ ಗುಲಾಬಿ ಬಣ್ಣ ಬಳಸಬೇಡಿ, ಅಜ್ಜಿಯ ರವಿಕೆಗೂ ಬೇಡ. ಆ ಬಣ್ಣ ಸೆಟ್ಟಿಗೇ ಮೀಸಲು.

ಪಂಜದ ಗುರುತಿನಲ್ಲಿ ಒಂದು ಬೋನಸ್ ಸುಳಿವು ಇಡಬಹುದು. ಬೆಕ್ಕು ನಡೆಯುವಾಗ ಉಗುರು ಒಳಗೆಳೆದುಕೊಳ್ಳುತ್ತದೆ, ಗುರುತಿನಲ್ಲಿ ಉಗುರಿನ ಚುಕ್ಕೆ ಬೀಳುವುದಿಲ್ಲ. ನಾಯಿಯದು ಬೀಳುತ್ತದೆ. ಹಿಟ್ಟಿನ ಮೇಲೆ ನಾಲ್ಕು ಬೆರಳು, ನಾಲ್ಕು ಪುಟ್ಟ ಚುಕ್ಕೆ ಬರೆಯಿರಿ. ಬರಹದಲ್ಲಿ ಹೇಳುವುದೇ ಬೇಡ. ಆರು ವರ್ಷದವರಲ್ಲಿ ಯಾರಾದರೂ ಒಬ್ಬರು ಎರಡನೇ ಓದಿನಲ್ಲಿ ಹಿಡಿಯುತ್ತಾರೆ.

ಅನುಮಾನಿತರ ನೆನಪು ಉಳಿಯಲು ಪುಟದ ಕೆಳಗೆ ಒಂದು ಪಟ್ಟಿ ಎಳೆದು ಮೂವರ ಪುಟ್ಟ ಮುಖ ಕೂರಿಸಿ. ಒಬ್ಬರು ಹೊರಗೆ ಹೋದರೆ ಆ ಮುಖ ಬೆನ್ನು ತಿರುಗಿಸಲಿ. ಅಡ್ಡಗೀಟು ಹೊಡೆಯಬೇಡಿ, ಸಣ್ಣವರು ಅದನ್ನು ‘ತಪ್ಪು ಮಾಡಿದವರು’ ಅಂತ ಓದುತ್ತಾರೆ. ನಾಯಿಯನ್ನು ಪಟ್ಟಿಗೆ ಮೊದಲಿಂದ ಸೇರಿಸುವುದೋ ಬೇಡವೋ ಅನ್ನೋದು ವಾದದ ವಿಷಯ. ನನ್ನ ಮತ: 15ರಲ್ಲಿ ಮೂವರೂ ಬೆನ್ನು ತಿರುಗಿಸಿ ನಿಂತ ಮೇಲೆ ಪಟ್ಟಿಯ ತುದಿಯಲ್ಲಿ ಬೊಗಳೆಯ ಬಾಲ ಮಾತ್ರ ಕಾಣಲಿ. ಅಷ್ಟು ನ್ಯಾಯ ಓದುಗರಿಗೆ ಸಲ್ಲಬೇಕು.

ಫ್ಲ್ಯಾಪ್ ಬೇರೆ ಕಾಗದದಲ್ಲಿ ಅಚ್ಚಾಗುವುದರಿಂದ ಬಣ್ಣ ಕೆಳಗಿನ ಪುಟಕ್ಕೆ ಕೂದಲೆಳೆಯಷ್ಟಾದರೂ ಬೇರೆ ಬರುತ್ತದೆ, ಜಾಗವೂ ಒಂದು ಮಿಮೀ ಆಚೀಚೆ ಆಗುತ್ತದೆ. ಗೋಡೆಯ ಮಧ್ಯೆ ಫ್ಲ್ಯಾಪಿನ ಅಂಚು ಬಂದರೆ ತೇಪೆ ಹಾಕಿದಂತೆ ಕಾಣುತ್ತದೆ. ಫ್ಲ್ಯಾಪಿನ ಅಂಚು ಆ ವಸ್ತುವಿನ ಅಂಚೇ ಆಗಿರಲಿ: ಪರದೆ, ಮೊರ, ಹಂಡೆಯ ಮುಚ್ಚಳ, ಕೌದಿ. ನಾಲ್ಕೂ ದಪ್ಪ ಕಪ್ಪು ಗೆರೆಯಲ್ಲಿ ಮುಗಿಯಲಿ.

ಅಂಗನವಾಡಿ ಕಪಾಟು:

ಅಜ್ಜಿಯ ಮಾತಿನ ಬಗ್ಗೆ. ಹಲ್ಲಿಲ್ಲದ ಬಾಯಲ್ಲಿ ಮೊದಲು ಕೆಡುವುದು ಸಕಾರ, ಆಮೇಲೆ ತ, ದ. ಪ, ಬ, ಮ ತುಟಿಯವು, ಕ, ಗ ಗಂಟಲ ಕಡೆಯವು, ಅವಕ್ಕೆ ಏನೂ ಆಗುವುದಿಲ್ಲ. ಎಲ್ಲವನ್ನೂ ಕೆಡಿಸಲು ಹೋದರೆ ಓದುವವರ ನಾಲಿಗೆಯೇ ಸಿಕ್ಕಿಕೊಳ್ಳುತ್ತದೆ. ಒಂದೇ ನಿಯಮ ಇಡಿ: ಅಜ್ಜಿಯ ಬಾಯಲ್ಲಿ ‘ಸ’ ಇದ್ದಲ್ಲೆಲ್ಲ ‘ಹ’. ‘ನನ್ನ ಹಲ್ಲುಹೆಟ್ಟು ಎಲ್ಲಿ?’, ‘ಹಾರಿಗೆ ಹೊಪ್ಪು ಹಾಕು’. ಎರಡು ಪುಟ ಕೇಳುವಷ್ಟರಲ್ಲಿ ಮಕ್ಕಳು ನಿಯಮ ಹಿಡಿದು ತಾವೇ ಆಡುತ್ತಾರೆ. ಪುಸ್ತಕ ಮುಚ್ಚಿದ ಮೇಲೂ ಆಡುತ್ತಾರೆ, ಅದಕ್ಕೆ ಮನೆಯವರು ಸಿದ್ಧರಿರಲಿ.

ಇದರಿಂದ ಕಥೆಗೂ ಒಂದು ಕೆಲಸ ತೆಗೆಯಬಹುದು. 4-5ರಲ್ಲಿ ಅಜ್ಜಿ ಎಲ್ಲರನ್ನೂ ‘ಸಾಲಾಗಿ ನಿಲ್ಲಿ’ ಅನ್ನಬೇಕು. ಬಾಯಿಂದ ಬರುವುದು ‘ಹಾಲಾಗಿ ನಿಲ್ಲಿ!’ ಗುಂಡನಿಗೆ ಏನೂ ತಿಳಿಯುವುದಿಲ್ಲ, ಬೆಕ್ಕು ಮಾತ್ರ ಬಟ್ಟಲು ಹಿಡಿದು ಎಲ್ಲರಿಗಿಂತ ಮುಂದೆ ಬಂದು ನಿಂತಿರುತ್ತದೆ.

ಅಕ್ಷರ ಕಲಿಯುವವರ ಚಿಂತೆಗೆ: ಇಂಥ ಪದ ಪುಸ್ತಕದಲ್ಲಿ ಆರಕ್ಕಿಂತ ಹೆಚ್ಚು ಬೇಡ, ಎಲ್ಲ ಅಜ್ಜಿಯ ಮಾತಿನ ಗುಳ್ಳೆಯೊಳಗೇ ಇರಲಿ, ಬೇರೆ ಬಣ್ಣದಲ್ಲಿ ಇರಲಿ. ನಿರೂಪಣೆಯ ಸಾಲಿನಲ್ಲಿ ಒಂದೂ ಬೇಡ. 22-23ರಲ್ಲಿ ಸೆಟ್ಟು ಹಾಕಿಕೊಂಡ ಅಜ್ಜಿ ಅದೇ ಪದಗಳನ್ನು ಸರಿಯಾಗಿ ಹೇಳಲಿ: ‘ಸಾರು! ಸೊಪ್ಪು! ಸೆಟ್ಟು!’ ಮೊದಲು ನಗುವವಳು ಅಜ್ಜಿಯೇ ಆಗಿರಲಿ. ಉಳಿದವರು ನಕ್ಕು ಅಜ್ಜಿ ಪೆಚ್ಚಾದರೆ, ಮಾತು ತೊದಲುವ ಮಗು ಕೂತ ಕಡೆ ಆ ಪುಟ ಓದುವುದು ಕಷ್ಟ.

‘ಊದು’, ‘ತಟ್ಟು’, ‘ಎಣಿಸು’ ಅನ್ನೋ ಆಜ್ಞೆಗಳನ್ನು ಪ್ರತಿ ಪುಟಕ್ಕೂ ತುರುಕಬೇಡಿ. ಇಡೀ ಪುಸ್ತಕಕ್ಕೆ ನಾಲ್ಕು ಸಾಕು, ಫ್ಲ್ಯಾಪ್ ಇರುವ ಪುಟದಲ್ಲಿ ಬೇಡವೇ ಬೇಡ. ಮಗು ಮಾಡಿದ್ದಕ್ಕೆ ತಿರುವಿದ ಪುಟದಲ್ಲಿ ಫಲ ಕಾಣಬೇಕು. ‘ಬಾಗಿಲು ಮೂರು ಸಲ ತಟ್ಟು’ ಅಂದರೆ ಮುಂದಿನ ಪುಟದಲ್ಲಿ ಯಾರೋ ಬೆಚ್ಚಿಬಿದ್ದಿರಬೇಕು. ಏನೂ ಆಗದಿದ್ದರೆ ಎರಡನೇ ಆಜ್ಞೆಯನ್ನು ಯಾರೂ ಕೇಳುವುದಿಲ್ಲ. ನಿಮ್ಮ ಡಮ್ಮಿಯಲ್ಲಿ ಫ್ಲ್ಯಾಪ್ ಎಳೆದಾಟಕ್ಕೂ ಇದೇ ಕಾರಣ ಇರಬಹುದು. ಹತ್ತರಲ್ಲಿ ಎಷ್ಟರ ಕೆಳಗೆ ನಿಜವಾಗಿ ಏನಾದರೂ ಇತ್ತು? ಜೊತೆಗೆ, ಓದುವ ಸಾಲು ಫ್ಲ್ಯಾಪಿಗಿಂತ ಮೇಲೆ ಇರಲಿ. ಕೆಳಗಿದ್ದರೆ ಓದುವವರು ಅಲ್ಲಿಗೆ ತಲುಪುವ ಮೊದಲೇ ಅದು ತೆರೆದಿರುತ್ತದೆ.

ಪರೀಕ್ಷೆಗೆ ಆರು ಎ4 ಹಾಳೆ ನಡುವೆ ಮಡಿಚಿ ಪಿನ್ ಹಾಕಿ, 24 ಪುಟ ಆಯಿತು. ಐದಾರು ಮಕ್ಕಳ ಗುಂಪಿಗೆ ಒಬ್ಬರು ಓದಲಿ, ಇನ್ನೊಬ್ಬರು ಮಕ್ಕಳ ಹಿಂದೆ ಅಲ್ಲ, ಎದುರಿಗೆ ಕೂತು ಬೆರಳು ಎಲ್ಲಿ ಹೋಗುತ್ತದೆ ಅಂತ ಪುಟವಾರು ಬರೆದುಕೊಳ್ಳಲಿ. 8ನೇ ಪುಟದಲ್ಲೇ ಗುಂಪೆಲ್ಲ ‘ನಾಯಿ’ ಅಂದರೆ ಕೆನ್ನೆ ಜಾಸ್ತಿ ಊದಿದೆ. 17 ದಾಟಿದರೂ ಒಬ್ಬರೂ ಹೇಳದಿದ್ದರೆ ಚಿತ್ರ ಸುಳಿವನ್ನು ಅತಿಯಾಗಿ ಮುಚ್ಚಿಟ್ಟಿದೆ. 14ರ ಹತ್ತಿರ ಒಂದಿಬ್ಬರು ಪಿಸುಗುಟ್ಟಿದರೆ ಸರಿಯಾಗಿದೆ. ಆ ಮಕ್ಕಳಿಗೆ ‘ಗುಟ್ಟು, ಹೇಳಬೇಡ’ ಅಂತ ಸನ್ನೆ ಮಾಡುವ ಒಂದು ಸಾಲು ಬರಹದಲ್ಲೇ ಇರಲಿ: ‘ಗೊತ್ತಾದವರು ಮೂಗಿನ ಮೇಲೆ ಬೆರಳಿಡಿ.’ ಬಾಯಿಗೆ ಬಂದ ಹೆಸರು ಕೂಗುವುದಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಹಿತ್ತಲಗಿಡ:

ಎಲ್ಲರಿಗೂ ಧನ್ಯವಾದ. ಹಾಲಿನವನೂ ಇಲಿಯೂ ಹೊರಗೆ, ಫ್ಲ್ಯಾಪು ನಾಲ್ಕು, ಹಂಡೆ 12ಕ್ಕೆ. ಇನ್ನೆರಡು ಕೇಳುತ್ತೇನೆ. ನಾಯಿಯ ಬಾಯಲ್ಲಿದ್ದ ಸೆಟ್ಟನ್ನು ಅಜ್ಜಿ ಮತ್ತೆ ಹಾಕಿಕೊಳ್ಳುವುದಕ್ಕೆ ದೊಡ್ಡವರು ಮೂಗು ಮುರಿಯುತ್ತಾರೆ. ಕುದಿಯುವ ನೀರಿನಲ್ಲಿ ಅದ್ದುವ ಚಿತ್ರ ಹಾಕಿದರೆ ಸಮಾಧಾನವಾದೀತೇ? ಮತ್ತೆ, ಅಂಟಿನ ಕೂಲಿಯೂ ಬೇಡ ಅಂದರೆ ಫ್ಲ್ಯಾಪಿನ ಬದಲು ಅರ್ಧ ಪುಟ ಕತ್ತರಿಸುವ ಉಪಾಯ ನಡೆಯುತ್ತದೆಯೇ?

ಕೆಂಪು ಪೆನ್ಸಿಲ್:

ಕುದಿಯುವ ನೀರು ಬೇಡ. ಹಲ್ಲುಸೆಟ್ಟು ಅಕ್ರಿಲಿಕ್, ಬಿಸಿನೀರಿಗೆ ಸೊಟ್ಟಗಾಗುತ್ತದೆ, ಆಮೇಲೆ ಒಸಡಿಗೆ ಕೂರುವುದಿಲ್ಲ. ಮನೆಯಲ್ಲಿ ಸೆಟ್ಟು ಹಾಕುವ ಅಜ್ಜಿ ತಾತ ಇದ್ದರೆ ಆ ಚಿತ್ರ ನೋಡಿದ ಕೂಡಲೇ ಹೇಳುತ್ತಾರೆ. ತಣ್ಣೀರು, ಮೆತ್ತನೆ ಬ್ರಷ್ಷು, ಸೋಪಿನ ನೊರೆ ಬರೆಯಿರಿ. ಪಕ್ಕದಲ್ಲಿ ಬೊಗಳೆಗೂ ಒಂದು ಬ್ರಷ್ಷು. ಹಬೆ ಬರೆಯಬೇಡಿ. ಉಜ್ಜುವುದು ಮುಗಿಯುವ ತನಕ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರೆ ದೊಡ್ಡವರ ಪರವಾಗಿ ಅವಳೇ ಮೂಗು ಮುರಿದ ಹಾಗಾಯಿತು.

ಎರಡನೇ ಕರಡು:

22-23ರಲ್ಲೇ ‘ಹಿಂದೆ ತಿರುಗಿಸಿ ನೋಡು, ಬೊಗಳೆ ಎಲ್ಲೆಲ್ಲಿ ಬಾಯಿ ಮುಚ್ಚಿತ್ತು?’ ಅನ್ನೋ ಒಂದು ಸಾಲು ಸೇರಿಸಿ. ಕಳ್ಳ ಯಾರು ಅಂತ ಗೊತ್ತಾದ ಮೇಲೂ ಪುಸ್ತಕ ಮತ್ತೆ ಕೈಗೆ ಬರುವುದು ಅದರಿಂದ. ‘ಯಾಕೆ ಕದ್ದ?’ ಅನ್ನುವುದಕ್ಕೆ ಬರಹದ ಉತ್ತರ ಬೇಡ. 2-3ರ ಗೋಡೆಯಲ್ಲಿ ಹಳೆಯ ಮನೆಮಂದಿಯ ಫೋಟೋ ತೂಗುಹಾಕಿ, ಎಲ್ಲರೂ ಹಲ್ಲು ಬಿಟ್ಟಿದ್ದಾರೆ, ಬೊಗಳೆ ಮಾತ್ರ ಪೆಚ್ಚುಮೋರೆ ಹಾಕಿದೆ. 24ರಲ್ಲಿ ಹೊಸ ಫೋಟೋ. ಎರಡನ್ನೂ ಮಕ್ಕಳೇ ಜೋಡಿಸಿಕೊಳ್ಳುತ್ತಾರೆ.

ಮಸಿಕೈ:

ಅರ್ಧಪುಟ ನಡೆಯುತ್ತದೆ, ಆದರೆ ಎಲ್ಲೆಂದರಲ್ಲಿ ಅಲ್ಲ. ಸೆಂಟರ್ ಪಿನ್ನಿನಲ್ಲಿ ಒಂದು ಎಲೆ ಒಂಟಿಯಾಗಿ ನಿಲ್ಲುವುದಿಲ್ಲ, ಪಿನ್ನಿನ ಆಚೆಗೆ ಅದರ ಜೋಡಿ ಇರಲೇಬೇಕು. ನಟ್ಟನಡುವಿನ ಹಾಳೆಯಲ್ಲಿ ಮಾಡುವುದು ಸುಲಭ: 13-14ರ ಎಲೆಯ ಹೊರಗಿನ ಅರ್ಧ ಕತ್ತರಿಸಿ, 11-12 ಪೂರ್ತಿ ಇರಲಿ. ಆಗ ಕೌದಿ ಅರ್ಧಪುಟ ಆಗುತ್ತದೆ, ತಿರುವಿದರೆ ಕೂದಲು. ಪಕ್ಕದಲ್ಲಿ 15ರ ಹೊರಗಿನ ಅರ್ಧ ಮೊದಲೇ ಇಣುಕುತ್ತದೆ, ಆದ್ದರಿಂದ ಆ ಭಾಗದಲ್ಲಿ ಅದೇ ಕೋಣೆಯ ಗೋಡೆ ಮುಂದುವರಿಯುವಂತೆ ಬರೆಸಿ, ಗುಟ್ಟಿನದೇನೂ ಅಲ್ಲಿ ಬೇಡ. ಕತ್ತರಿಸುವುದು ಪಿನ್ ಹೊಡೆಯುವ ಮೊದಲು. ಹೀಗೆ ಮಾಡಿದರೆ ಫ್ಲ್ಯಾಪು ಮೂರಕ್ಕೆ ಇಳಿಯಿತು, 1000 ಸಲ ಅಂಟಿಸುವುದು ತಪ್ಪಿತು.

ಡಿಟಿಪಿಯವರಿಗೆ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರಿಗೆ) ಈಗಲೇ ಹೇಳಿಬಿಡಿ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಹಾಕುವಾಗ ಪ್ಯಾರಾಗ್ರಾಫಿನ ಆಯ್ಕೆಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ‘ಹಲ್ಲು’ ಹೋಗಿ ‘ಹಲ್‌ಲು’ ಆಗುತ್ತದೆ, ಅದೂ ಪ್ರೂಫ್ ನೋಡಿದ ಮೇಲೆ ಯಾರೋ ಫೈಲು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ. ಪ್ರೆಸ್ಸಿಗೆ ಕಳಿಸುವ ಪಿಡಿಎಫ್‌ನಲ್ಲಿ ಫಾಂಟು ಎಂಬೆಡ್ ಆಗಿರಲಿ (ಫೈಲಿನೊಳಗೇ ಸೇರಿರಲಿ). ಅಕ್ಷರ 22 ಪಾಯಿಂಟ್, ಸಾಲಿನಿಂದ ಸಾಲಿಗೆ 36. ಇಂಗ್ಲಿಷಿನ ಅಂದಾಜಿನಲ್ಲಿ 28 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ ಬರೀ ಕಪ್ಪು ಶಾಯಿ ಒಂದರಲ್ಲೇ ಇರಲಿ. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ ಪ್ಲೇಟು (ಒಂದೊಂದು ಬಣ್ಣದ ಅಚ್ಚಿನ ತಗಡು) ಕೂದಲೆಳೆ ಸರಿದರೂ ಅಕ್ಷರಕ್ಕೆ ನೆರಳು ಬರುತ್ತದೆ. ಅಜ್ಜಿಯ ಮಾತಿಗೂ ಮಿಶ್ರ ಬಣ್ಣ ಬೇಡ, ಮೆಜೆಂತಾ (ಕಡುಗುಲಾಬಿ ಶಾಯಿ) ಒಂದನ್ನೇ ಪೂರ್ತಿ ಕೊಡಿ.

ಕೆಂಪು ಪೆನ್ಸಿಲ್:

ಮೆಜೆಂತಾ ಬೇಡ ಮಾರಾಯ್ರೇ, ಗುಲಾಬಿ ಸೆಟ್ಟಿಗೆ ಮೀಸಲು ಅಂತ ಮೇಲೆ ಹೇಳಿದ್ದೇನಲ್ಲ. ಸಯಾನ್ (ನೀಲಿ ಶಾಯಿ) ಕೊಡಿ.

ಮಸಿಕೈ:

ಒಪ್ಪಿದೆ, ಸಯಾನ್. ಆದರೆ ಗುಳ್ಳೆಯ ಹಿನ್ನೆಲೆ ಬಿಳಿಯೇ ಇರಲಿ, ಹಳದಿ ಹಾಕಿದರೆ ಅಕ್ಷರ ಹಸಿರಾಗುತ್ತದೆ. ಇನ್ನೊಂದು: ಕೆಳಗಿನ ಮುಖಗಳ ಪಟ್ಟಿಯನ್ನು ಕಟಿಂಗ್ ಗೆರೆಯಿಂದ 10 ಮಿಮೀ ಒಳಗೆ ಇಡಿ. ಹೊರಗಿನ ಬದಿಗೂ ಅಷ್ಟೇ ಬಿಡಿ, ಯಾಕೆಂದರೆ ಆರು ಹಾಳೆ ಒಂದರೊಳಗೊಂದು ಕೂತಾಗ ನಡುವಿನದು ಸುಮಾರು ಒಂದು ಮಿಮೀ ಆಚೆ ಚಾಚಿ ಕಟಿಂಗಿಗೆ ಸಿಗುತ್ತದೆ, ಪಟ್ಟಿಯ ತುದಿಯ ಬೊಗಳೆಯ ಬಾಲ ಹೋಗಿಬಿಟ್ಟೀತು. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ದುಡ್ಡು ಕೊಡಬೇಡಿ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ. ಮಕ್ಕಳ ಚಿತ್ರಪುಸ್ತಕ ಜಿಎಸ್‌ಟಿಯಲ್ಲಿ 4903 ಅನ್ನೋ ಸರಕಿನ ಸಂಖ್ಯೆಯ ಕೆಳಗೆ ಬರುತ್ತದೆ, ತೆರಿಗೆ ಶೂನ್ಯ. ಪುಸ್ತಕ ಮಾರುವ ಬಿಲ್ಲಿನಲ್ಲಿ ಆ ಸಂಖ್ಯೆಯನ್ನೇ ಹಾಕಿಸಿ.